ದೋಣಿಯ ಬದಲಿ ಸಾಮಾನು

ಸಾಮಾನು ಕೊಳ್ಳುವ ವಿದ್ಯೆಯಲ್ಲಿ ಗೃಹಸ್ಥರಾದ ನಾವೆಲ್ಲರೂ ಅಷ್ಟಿಷ್ಟು ಪಳಗಿದವರೇ. ಬಾವಿಯ ಹಗ್ಗ ಸವೆದುದು ಕಂಡರೂ ಇನ್ನೊಂದು ತಿಂಗಳು ಬಂದೀತೆಂದು ಸಮಾಧಾನ ತಂದುಕೊಳ್ಳುತ್ತೇವೆ. ಬಂದರೆ ಲಾಭ, ಹರಿದರೆ ಕೊಡವೊಂದು ಬಾವಿಗೆ ಬಿದ್ದೀತು, ಪಾತಾಳಗರಡಿಯಿಂದ ಎತ್ತಿದರಾಯಿತು. ಹಗ್ಗ ಹರಿಯುವುದು ನಡುಗಡಲಿನಲ್ಲಾದರೆ ಮಾತ್ರ ಲೆಕ್ಕವೇ ಬೇರೆ. ಈ ವ್ಯತ್ಯಾಸವು ನನಗೆ ಮನದಟ್ಟಾದುದು ಹಾಯಿದೋಣಿಯೊಂದನ್ನು ಇಟ್ಟುಕೊಂಡಿರುವ ಬಾಲ್ಯಸ್ನೇಹಿತನೊಬ್ಬನ ಸಹವಾಸದಿಂದ.

ಈತನು ನಮ್ಮ ಕರಾವಳಿಯವನೇ; ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ನೆಲಸಿ ಬಹುಕಾಲವಾಯಿತು. ಬಿಸ್ಕೆ ಕೊಲ್ಲಿಯನ್ನು ದಾಟಿ ಸ್ಪೇನ್ ದೇಶವನ್ನು ಮುಟ್ಟಬೇಕೆಂಬುದು ಅವನ ಸಂಕಲ್ಪ. ನಾನು ಅತಿಥಿಯಾಗಿ ಹೋಗಿದ್ದ ಆ ವಸಂತದಲ್ಲಿ ಅವನ ಕೈಯಲ್ಲಿದ್ದ ಹಣವು ಹೊಸ ಹಾಯಿಗೆ ಸಾಲುತ್ತಿತ್ತು, ಇಲ್ಲವೆ ಕೂವೆಮರವನ್ನು ನಾಲ್ಕು ಕಡೆಯಿಂದ ಬಿಗಿದು ನಿಲ್ಲಿಸುವ ಉಕ್ಕಿನ ತಂತಿಗಳಿಗೆ ಸಾಲುತ್ತಿತ್ತು, ಎರಡಕ್ಕೂ ಅಲ್ಲ. ಹಾಯಿಯು ಕಣ್ಣಿಗೆ ಕಾಣುವಂತೆ ಜೀರ್ಣವಾಗಿತ್ತು. ತಂತಿಗಳಾದರೋ ಬೆಳ್ಳಿಯಂತೆ ಹೊಳೆಯುತ್ತಿದ್ದವು. ಅವನು ತಂತಿಗಳನ್ನೇ ಆರಿಸಿದನು. ತಂತಿಯ ತುದಿಯು ಲೋಹದ ಕೊಳವೆಯೊಳಗೆ ಸೇರುವೆಡೆಯಲ್ಲಿ ಉಪ್ಪುನೀರು ಇಳಿದು ಒಳಗೊಳಗೇ ತಿನ್ನುವುದಂತೆ. ಹತ್ತು ಹದಿನೈದು ವರ್ಷಗಳಿಗೊಮ್ಮೆ ಬದಲಿಸುವ ವಾಡಿಕೆಯು ಬಂದಿರುವುದು ಇದರಿಂದಲೇ. “ಹಾಯಿ ಹರಿದರೆ ಹೊಲಿಯಬಹುದು ಮಾರಾಯ, ಕೂವೆಮರ ಉರುಳಿದರೆ ಏನನ್ನು ಹೊಲಿಯಲಿ?” ಎಂದನು. ಹಳೆಯ ತಂತಿಗಳನ್ನು ಕಳಚಿದಾಗ ಅವುಗಳಲ್ಲೊಂದರ ಎಳೆಗಳು ಬುಡದಲ್ಲಿ ತುಂಡಾಗಿದ್ದುದನ್ನು ನಾನೇ ಕಂಡೆನು.

ಅಂಗಡಿಯಲ್ಲಿಯೂ ಅವನ ಎಚ್ಚರವು ಕಡಿಮೆಯಾಗಿರಲಿಲ್ಲ. ಲಂಗರಿನ ಸರಪಳಿಯನ್ನೇ ನೋಡಿರಿ. 8 ಮಿಲಿಮೀಟರಿನ ಸರಪಳಿಗೂ ಒಂದು ಅಂಗುಲದ ಹದಿನಾರರಲ್ಲಿ ಐದು ಭಾಗದ ಸರಪಳಿಗೂ ದಪ್ಪದಲ್ಲಿ ಕೂದಲೆಳೆಯ ಅಂತರವಿಲ್ಲ. ಆದರೆ ಕೊಂಡಿಯ ಉದ್ದ ಬೇರೆಯಾಗಿದ್ದರೆ ಅದನ್ನು ಮೇಲಕ್ಕೆಳೆಯುವ ಗಾಲಿಯ ಹಲ್ಲುಗಳಲ್ಲಿ ಅದು ಕೂರದೆ ಜಾರುವುದು. ಆದಕಾರಣ ಗಾಲಿಯನ್ನೇ ಬಿಚ್ಚಿ ಚೀಲದಲ್ಲಿ ಹೊತ್ತು ತಂದಿದ್ದನು. ಇಂಜಿನ್ನನ್ನು ತಂಪಾಗಿಡಲು ಕಡಲ ನೀರನ್ನು ಹೀರುವ ಪಂಪಿನ ಪುಟ್ಟ ರಬ್ಬರು ಚಕ್ರವನ್ನು ಒಂದರ ಬದಲು ಮೂರು ಕೊಂಡನು. ಚಹಾ ಕಾಸುವ ಪಾತ್ರೆಯ ವಿಷಯದಲ್ಲಿ ಮಾತ್ರ ನಮ್ಮ ಊರಿನ ಸಂತೆಯಲ್ಲಿ ನಿಂತವನಂತೆ ಚೌಕಾಸಿ ಮಾಡಿದನು.

ಈ ವಿವೇಕಕ್ಕೆ ಹಿರಿಯರ ಮೇಲ್ಪಂಕ್ತಿಯೂ ಉಂಟು. ಒಬ್ಬನೇ ಹಾಯಿದೋಣಿಯಲ್ಲಿ ಭೂಮಂಡಲವನ್ನು ಸುತ್ತಿದವರಲ್ಲಿ ಮೊದಲಿಗನಾದ ಜೋಶುವಾ ಸ್ಲೋಕಮ್ಮನು ತನ್ನ ‘ಸ್ಪ್ರೇ’ ದೋಣಿಯನ್ನು ಹಳೆಯದರ ಹಲಗೆಗೆ ಬದಲು ಹಲಗೆಯನ್ನಿಟ್ಟು 13 ತಿಂಗಳು ಸ್ವಂತ ಕೈಯಿಂದ ಹೊಸದು ಮಾಡಿದನು. ಸಾಮಗ್ರಿಗೆ ತಗಲಿದುದು 553 ಡಾಲರು, 62 ಸೆಂಟು. ಬೆನ್ನುಮರಕ್ಕೆ ಗಟ್ಟಿ ಓಕ್ ಮರವನ್ನೇ ಕಡಿದ ಈ ಮನುಷ್ಯನು 1895ರಲ್ಲಿ ಹೊರಟಾಗ ಗಡಿಯಾರದಲ್ಲಿ ಮಾತ್ರ ಕೈ ಬಿಗಿಹಿಡಿದನು. ತನ್ನಲ್ಲಿದ್ದ ಒಳ್ಳೆಯ ಗಡಿಯಾರವನ್ನು ಸರಿಪಡಿಸಲು 15 ಡಾಲರು ಬೇಕೆಂದುದರಿಂದ ಅದನ್ನು ಮನೆಯಲ್ಲಿಯೇ ಬಿಟ್ಟು, ಯಾರ್ಮತ್ ಎಂಬ ಊರಿನಲ್ಲಿ ತಗಡಿನದೊಂದನ್ನು ಕೊಂಡನು. ಬೆಲೆ ಒಂದೂವರೆ ಡಾಲರು. ಮುಖವು ಒಡೆದಿದ್ದುದರಿಂದ ಒಂದೇ ಡಾಲರಿಗೆ ದೊರೆಯಿತು. ಮುಂದೆ ಅದರ ನಿಮಿಷದ ಮುಳ್ಳು ಬಿದ್ದುಹೋಯಿತು. ನೀರಿನಲ್ಲಿ ಕುದಿಸಿದ ಮೇಲೆ ಗಂಟೆಯನ್ನಷ್ಟೇ ತೋರಿಸಿತು. ಸೂರ್ಯಚಂದ್ರರನ್ನು ನೋಡಿ ದಾರಿಯನ್ನು ಗುಣಿಸಬಲ್ಲವನಿಗೆ ಅಷ್ಟೇ ಸಾಕಾಯಿತು. 1898ರಲ್ಲಿ ಅವನು ಕ್ಷೇಮವಾಗಿ ಊರು ಸೇರಿದನು.

ನಮ್ಮ ದೇಶದ ಕೈಗೆಲಸವೂ ಇಂತಹ ಪರೀಕ್ಷೆಗೆ ನಿಂತಿದೆ. ರಾಬಿನ್ ನಾಕ್ಸ್-ಜಾನ್ಸ್ಟನ್ನನ ‘ಸುಹೇಲಿ’ಯು ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ ದೋಣಿ. 1968ರ ಜೂನ್ 14ರಂದು ಹೊರಟು, ಎಲ್ಲಿಯೂ ದಡ ಮುಟ್ಟದೆ, 312 ದಿನಗಳಲ್ಲಿ ಅದು ಭೂಮಿಯನ್ನು ಸುತ್ತಿ ಬಂದಿತು. ತಾನಾಗಿ ಚುಕ್ಕಾಣಿ ಹಿಡಿಯುವ ಯಂತ್ರವು ದಾರಿಯಲ್ಲಿಯೇ ಮುರಿಯಿತು. ತಳದ ಸಂದಿಯಲ್ಲಿ ನೀರು ಒಸರಿದಾಗ ಅವನೇ ಕಡಲಿಗಿಳಿದು ಮುಳುಗಿ ಅದನ್ನು ಮುಚ್ಚಿದನು. ಸ್ಪರ್ಧೆಗೆ ಹೊರಟ ಒಂಬತ್ತು ಮಂದಿಯಲ್ಲಿ ಅದನ್ನು ಮುಗಿಸಿದವನು ಇವನೊಬ್ಬನೇ.

ಇವರೆಲ್ಲರ ಪಟ್ಟಿಗಳನ್ನು ಹೋಲಿಸಿ ನೋಡಿದರೆ ಒಂದು ಸೂತ್ರವು ತೋರುತ್ತದೆ. ತನ್ನ ಕೈಯಿಂದ ಸರಿಪಡಿಸಬಹುದಾದುದನ್ನು ಅಗ್ಗವಾಗಿ ಕೊಳ್ಳಬಹುದು. ಒಮ್ಮೆ ಕೈಬಿಟ್ಟರೆ ಸರಿಪಡಿಸಲಾಗದುದರ ಮುಂದೆ ಚೌಕಾಸಿ ಸಲ್ಲದು. ಮನೆವಾರ್ತೆಯಲ್ಲಿ ನಾವು ಅನೇಕ ವೇಳೆ ಇದಕ್ಕೆ ವಿರುದ್ಧವಾಗಿ ನಡೆಯುತ್ತೇವೆ: ಎದ್ದು ಕಾಣುವ ಹಾಯಿಯನ್ನು ಬದಲಿಸುತ್ತೇವೆ, ಹೊಳೆಯುವ ತಂತಿಯನ್ನು ನಂಬುತ್ತೇವೆ.

ನನ್ನ ಸ್ನೇಹಿತನು ತೇಪೆ ಹಾಕಿದ ಹಾಯಿಯಲ್ಲಿಯೇ ಸ್ಪೇನಿಗೆ ಹೋಗಿ ಬಂದನು. ಮೂರು ರಬ್ಬರು ಚಕ್ರಗಳಲ್ಲಿ ಎರಡು ಕಟ್ಟು ಬಿಚ್ಚದೆಯೇ ಹಿಂದಿರುಗಿದವು. ಕೊಂಡುದು ಬಳಕೆಗೆ ಬಾರದಿದ್ದರೆ ಗೃಹಸ್ಥನು ನಷ್ಟವೆಂದು ಬರೆದುಕೊಳ್ಳುವನು; ನಾವಿಕನ ಲೆಕ್ಕದಲ್ಲಿ ಅದು ಜಮೆಯ ಕಡೆಗೆ ಸೇರುವುದು.