ಬಂಗಾರಪೇಟೆಯ ಎರಡು ಹಳಿಗಳು

ಕೋಣನಕುಂಟೆಯ ನಮ್ಮ ಮಕ್ಕಳು ದಿನವೂ ಕಾಣುವ ರೈಲೆಂದರೆ ಮೆಟ್ರೋ. 2021ನೆಯ ಇಸವಿಯ ಜನವರಿಯಿಂದ ಕೋಣನಕುಂಟೆ ಕ್ರಾಸಿನಲ್ಲಿ ನಿಲ್ಲುತ್ತಿರುವ ಆ ಗಾಡಿಯನ್ನೇರಿದರೆ ನೇರವಾಗಿ ಯಶವಂತಪುರವನ್ನು ಮುಟ್ಟಬಹುದು. ಅದೇ ಯಶವಂತಪುರದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರಗಳ ಮೇಲೆ ಹಾದು ಬಂಗಾರಪೇಟೆಯವರೆಗೆ ಒಂದು ಕಾಲಕ್ಕೆ ಪುಟ್ಟ ಹಳಿಯೊಂದಿದ್ದಿತೆಂದು ಪಾಠದಲ್ಲಿ ಹೇಳಿದಾಗ, ಒಂಬತ್ತನೆಯ ತರಗತಿಯ ಹುಡುಗಿಯರು ಅದರ ಮಾದರಿಯನ್ನು ಮಾಡಿಯೇ ತೀರುವೆವೆಂದು ಹಟ ಹಿಡಿದರು. ಪೋಷಕರೊಬ್ಬರು, "ಆಟಿಕೆಯಿಂದ ಪರೀಕ್ಷೆಗೇನು ಪ್ರಯೋಜನ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ, ಅದಕ್ಕೆ ಉತ್ತರವಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮದರಾಸಿನ ಕಡೆಯಿಂದ 1864ರಲ್ಲಿ ಬೆಂಗಳೂರಿಗೆ ಬಂದ ದೊಡ್ಡ ಹಳಿಯ ಅಗಲ 1676 ಮಿಲಿಮೀಟರ್. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಅದೇ ಮಾರ್ಗದ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ತೆರೆದ ಹಳಿಯ ಅಗಲ 762 ಮಿಲಿಮೀಟರ್ ಮಾತ್ರ. ಹಗುರವಾದ ಕಂಬಿ, ಕಿರಿದಾದ ದಿಬ್ಬ, ಚಿಕ್ಕ ಸೇತುವೆ ಸಾಕಾಗುವುದರಿಂದ ಕಿರಿ ಹಳಿಗೆ ಖರ್ಚು ಕಡಿಮೆ. ಆದರೆ ಒಂದು ಹಳಿಯ ಗಾಡಿ ಇನ್ನೊಂದರ ಮೇಲೆ ಹೋಗಲಾರದು. ಎರಡೂ ಕೂಡುವೆಡೆಯಲ್ಲಿ ಸರಕನ್ನೆಲ್ಲ ಇಳಿಸಿ ಮತ್ತೆ ಏರಿಸಬೇಕು. ಆದುದರಿಂದ ಆ ಕೂಡುವೆಡೆಯನ್ನೇ ಮಾದರಿಗೆ ಆರಿಸಿಕೊಂಡೆವು.

ಐವತ್ತಕ್ಕೆ ಒಂದರಂತೆ ಪ್ರಮಾಣವನ್ನು ಗೊತ್ತುಮಾಡಿದೆವು. ದೊಡ್ಡ ಹಳಿ 33.5 ಮಿಲಿಮೀಟರ್ ಆಯಿತು. ಕಿರಿ ಹಳಿ 15.24. ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಆಟದ ಹಳಿ 16.5 ಮಿಲಿಮೀಟರಿನದು. "ಒಂದೂಕಾಲು ಮಿಲಿಮೀಟರನ್ನು ಯಾರು ನೋಡುವರು, ಮಿಸ್?" ಎಂದಳು ಒಬ್ಬಳು. ಇನ್ನೊಬ್ಬಳು ಕಪ್ಪುಹಲಗೆಯ ಮೇಲೆ ಐವತ್ತರಿಂದ ಗುಣಿಸಿ ತೋರಿಸಿದಳು: 63 ಮಿಲಿಮೀಟರ್, ಎಂದರೆ ಎರಡೂವರೆ ಅಂಗುಲ! ನಿಜವಾದ ಹಳಿ ಅಷ್ಟು ಅಗಲವಾದರೆ ಗಾಡಿಯ ಚಕ್ರ ನೆಲಕ್ಕಿಳಿಯುವುದು. ಮಾತು ಅಲ್ಲಿಗೆ ಮುಗಿಯಿತು. ಮರದ ಸಣ್ಣ ಪಟ್ಟಿಗಳನ್ನು ಕೊಯ್ದು, ಹಿತ್ತಾಳೆಯ ತಗಡನ್ನು ಕತ್ತರಿಸಿ, ಅಳತೆಯ ಕಡ್ಡಿಯನ್ನು ಹಿಡಿದು ಹಳಿಯನ್ನು ತಾವೇ ಹಾಸಿದರು.

ಆಮೇಲೆ ಕಾಲದ ಪ್ರಶ್ನೆ ಬಂದಿತು. ಒಬ್ಬಳಿಗೆ 1913ರ ಎಂಜಿನ್ ಬೇಕು, ಮತ್ತೊಬ್ಬಳಿಗೆ ಇಂದಿನ ನಿಲ್ದಾಣ ಬೇಕು. ಒಂದು ಮಾದರಿಗೆ ಒಂದೇ ವರ್ಷವಿರತಕ್ಕದ್ದೆಂದು ನಾನು ಹೇಳಿದೆನು. ಯಾವ ವರ್ಷವೆಂದು ಚರ್ಚೆಯಾಗುತ್ತಿರಲು, ಅದುವರೆಗೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಅಂಟು ಕಲಸುತ್ತಿದ್ದ ಹುಡುಗಿಯು ಎದ್ದು ನಿಂತು, "1970 ಆದರೆ ನಮ್ಮ ತಾತನನ್ನು ಕೇಳಬಹುದು, ಮಿಸ್. ಅವರು ಅಲ್ಲಿ ಮೂಟೆ ಹೊರುತ್ತಿದ್ದರು" ಎಂದಳು. ಕಡೆಯ ಮಾತನ್ನು ಬಹಳ ಮೆಲ್ಲಗೆ ಹೇಳಿದಳು. ತಾತನ ಕೆಲಸವನ್ನು ಆಕೆ ಗೆಳತಿಯರಿಗೆ ಅದುವರೆಗೆ ತಿಳಿಸಿರಲಿಲ್ಲವೆಂಬುದು ಆಗ ತಿಳಿಯಿತು.

ವೃದ್ಧರು ಶಾಲೆಗೆ ಬಂದರು. ಎರಡು ಗಾಡಿಗಳ ನೆಲ ಒಂದೇ ಎತ್ತರವಲ್ಲವೆಂದೂ, ನಡುವೆ ಹಲಗೆ ಹಾಕಿ ಮೂಟೆಯೊಡನೆ ಇಳಿಯಬೇಕಾಗಿತ್ತೆಂದೂ, ಮಳೆಗಾಲದಲ್ಲಿ ಆ ಹಲಗೆ ಜಾರುತ್ತಿತ್ತೆಂದೂ ವಿವರಿಸಿದರು. ನಾವು ನೋಡಿದ ಪುಸ್ತಕಗಳಲ್ಲಿ ಹಳಿಯ ಅಗಲವಿದ್ದಿತು. ಆ ಹಲಗೆ ಇರಲಿಲ್ಲ. ಮಕ್ಕಳು ಹಲಗೆಯನ್ನು ಮಾಡಿದರು. ಮೂರು ಸೆಂಟಿಮೀಟರಿಗಿಂತ ತುಸು ಎತ್ತರದ ಹಮಾಲರನ್ನು ಜೇಡಿಮಣ್ಣಿನಿಂದ ಮಾಡಿದರು. ಪ್ರದರ್ಶನದ ದಿನ ಬಂದವರಿಗೆಲ್ಲ ಆ ಭಾಗವನ್ನು ವಿವರಿಸಿದವಳು ಆ ಮೊಮ್ಮಗಳೇ. ಅಂದು ಆಕೆಯ ಧ್ವನಿ ಸಭಾಂಗಣದ ಬಾಗಿಲಿನವರೆಗೂ ಕೇಳಿಸುತ್ತಿದ್ದಿತು.

ಆ ಕಿರಿ ಹಳಿ ಈಗಿಲ್ಲ. ಚಿಕ್ಕಬಳ್ಳಾಪುರ ಮತ್ತು ಕೋಲಾರಗಳ ನಡುವೆಯೂ 2013ರಿಂದ ದೊಡ್ಡ ಹಳಿಯ ಗಾಡಿಯೇ ಓಡುತ್ತಿದೆ. ಮೂಟೆ ದಾಟಿಸುವ ಕಷ್ಟವೂ ಮುಗಿದಿದೆ. ಅದು ಸಂತೋಷದ ಸಂಗತಿ. ಆದರೆ ಅಗ್ಗವಾಗಿ ಹಾಕಿದ ಹಳಿಯ ಉಳಿದ ಬೆಲೆಯನ್ನು ಯಾರ ಹೆಗಲು ತೆತ್ತಿತೆಂಬುದನ್ನು ಹುಡುಗಿಯರು ಅರಿಯುವುದೂ ವಿದ್ಯೆಯೇ ಎಂದು ನನ್ನ ನಂಬಿಕೆ. ಪರೀಕ್ಷೆಗೆ ಬೇಕಾದ ಗುಣಾಕಾರ ಭಾಗಾಕಾರಗಳು ಅದರೊಡನೆಯೇ ಬಂದವು.

ಮಾದರಿಯು ಈಗ ಶಾಲೆಯ ವಾಚನಾಲಯದಲ್ಲಿದೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರ ಮನೆಯಲ್ಲಾದರೂ ಆ ರೈಲಿನ ಟಿಕೆಟ್ಟಾಗಲಿ, ಚಿತ್ರವಾಗಲಿ, ನೆನಪುಳ್ಳ ಹಿರಿಯರಾಗಲಿ ಇದ್ದರೆ ದಯವಿಟ್ಟು ತಿಳಿಸಬೇಕು. ಮುಂದಿನ ವರ್ಷ ನಂದಿ ಹಾಲ್ಟ್ ನಿಲ್ದಾಣವನ್ನು ಮಾಡಬೇಕೆಂದು ಮಕ್ಕಳು ಈಗಾಗಲೇ ಮರದ ಪಟ್ಟಿಗಳನ್ನು ಕೊಯ್ಯತೊಡಗಿದ್ದಾರೆ.