ನೆಂಟರಿಗೆ ನಮ್ಮೂರನ್ನು ತೋರಿಸುವ ಬಗೆ

ಮದುವೆಯ ಕರೆಯೋಲೆಯಲ್ಲಿ ಎಲ್ಲವೂ ಇರುತ್ತದೆ. ಲಗ್ನದ ಗಳಿಗೆ, ಛತ್ರದ ವಿಳಾಸ, ಸುಖಾಗಮನವನ್ನು ಬಯಸುವವರ ಉದ್ದನೆಯ ಪಟ್ಟಿ, ಇವುಗಳಲ್ಲಿ ಒಂದೂ ತಪ್ಪುವುದಿಲ್ಲ. ಆದರೆ ಮುಂಚಿತವಾಗಿಯೇ ಬಂದಿಳಿದ ನೆಂಟರು ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, “ಇಲ್ಲಿ ನೋಡುವಂಥದ್ದು ಏನಿದೆ?” ಎಂದು ಕೇಳಿದರೆ ಏನು ಹೇಳಬೇಕೆಂಬುದನ್ನು ಯಾವ ಕರೆಯೋಲೆಯೂ ತಿಳಿಸುವುದಿಲ್ಲ.

ನನ್ನ ಬಳಿ ಐದನೆಯ ತರಗತಿ ಓದಿ, ಈಗ ಹೊಸೂರಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿರುವ ಅಂಚೆಟ್ಟಿಯ ತರುಣನೊಬ್ಬನಿಗೆ ತುಮಕೂರಿನ ಕಡೆಯ ಕನ್ಯೆ ಗೊತ್ತಾದಳು. ಬೀಗರು ಎರಡು ದಿನ ಮೊದಲೇ ಬರುವವರಿದ್ದರು. ಅವರು ಮೇಲಿನ ಪ್ರಶ್ನೆಯನ್ನೇ ಕೇಳಿದಾಗ ವರಮಹಾಶಯನು ಕೊಟ್ಟ ಉತ್ತರ ಇಷ್ಟೇ: “ನಮ್ಮೂರಲ್ಲಿ ಏನೂ ಇಲ್ಲ. ಹೊಗೇನಕಲ್ಲಿಗೆ ಹೋಗಿಬನ್ನಿ.” ಏನೂ ಇಲ್ಲದ ಊರಿಗೆ ಮಗಳನ್ನು ಕೊಡುತ್ತಿದ್ದೇವೆಯೆ ಎಂದು ಹೆತ್ತ ತಾಯಿಯ ಮನಸ್ಸು ಅಳುಕಿದರೆ ಅದರಲ್ಲಿ ಅಚ್ಚರಿಯೇನು? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಅವನ ತಾಯಿಗೆ ಈ ಮಾತು ಹಿತವಾಗಲಿಲ್ಲ. ಆಕೆ ಮಗನನ್ನು ನಮ್ಮ ಮನೆಗೆ ಕಳುಹಿಸಿದರು. “ಮೇಷ್ಟ್ರೇ, ನೀವೂ ಅಕ್ಕನೂ ಕೂತು ಒಂದು ಪಟ್ಟಿ ಬರೆದುಕೊಡಬೇಕಂತೆ” ಎಂದ. ನಾವು ದಂಪತಿಗಳು ಒಂದು ಸಂಜೆ ಕುಳಿತು ಬರೆದೆವು. ಅದರ ಸಾರವನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲನೆಯದು ದಾರಿ. ಬೆಂಗಳೂರಿನಿಂದ ಹೊಸೂರಿಗೆ ಸುಮಾರು 40 ಕಿಲೋಮೀಟರು. ಅಲ್ಲಿ ಗುಡ್ಡದ ಮೇಲಿನ ಚಂದ್ರಚೂಡೇಶ್ವರನಿಗೆ ಕೈಮುಗಿದು, ಡೆಂಕಣಿಕೋಟೆಯಲ್ಲಿ ಬೇಟೆರಾಯಸ್ವಾಮಿಯ ದರ್ಶನ ಮಾಡಿಕೊಂಡು ಮುಂದೆ ಬಂದರೆ ರಸ್ತೆ ಕಾಡನ್ನು ಹೊಗುತ್ತದೆ. ಈ ಭಾಗವನ್ನು ಹಗಲಿನಲ್ಲಿಯೇ ದಾಟಬೇಕು. ನಮ್ಮ ಕಾಡುಗಳಿಗೂ ಬನ್ನೇರುಘಟ್ಟದ ಕಾಡಿಗೂ ನಡುವೆ ಆನೆಗಳ ಓಡಾಟ ಉಂಟು. ರಾಗಿ ತೆನೆ ಬಲಿಯುವ ಕಾಲದಲ್ಲಂತೂ ಅವು ಹೊಲಗಳ ಅಂಚಿಗೇ ಬರುತ್ತವೆ. ಆನೆ ಕಂಡರೆ ದೂರದಲ್ಲಿಯೇ ನಿಲ್ಲಬೇಕು. ಹಾರನ್ ಬಾರಿಸಕೂಡದು, ಚಿತ್ರ ತೆಗೆಯಲೆಂದು ಕೆಳಗಿಳಿಯಕೂಡದು. ಆ ದಾರಿ ನಮಗಿಂತ ಮೊದಲು ಅವುಗಳದು.

ಎರಡನೆಯದು ಕಾಡು. ಈ ಸೀಮೆಯ ಅರಣ್ಯದ ಬಹುಭಾಗವನ್ನು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವೆಂದೂ 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮವೆಂದೂ ಘೋಷಿಸಲಾಯಿತು. ಹೊಳೆಯ ದಂಡೆಯ ಮತ್ತಿಮರಗಳಲ್ಲಿ ಬೂದುಬಣ್ಣದ ದೊಡ್ಡ ಅಳಿಲು ವಾಸಿಸುತ್ತದೆ. ನೀರಿನಲ್ಲಿ ನೀರುನಾಯಿಯೂ ಮೊಸಳೆಯೂ ಉಂಟು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳದಾರಿಗಳಲ್ಲಿ ಕಾಲಿಡುವಂತಿಲ್ಲ. ಆದರೆ ಓದಿನ ಮೂಲಕ ಈ ಕಾಡನ್ನು ಹೊಗುವುದಕ್ಕೆ ಯಾರ ಅಪ್ಪಣೆಯೂ ಬೇಡ. ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಬೇಟೆಯ ಪುಸ್ತಕದಲ್ಲಿ ಜವಳಗಿರಿಯ ಹುಲಿಯೂ ಗುಮ್ಮಳಾಪುರದ ಚಿರತೆಯೂ ಬರುತ್ತವೆ. ಅವನ ಬರಹಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಎಂಬ ಹೆಸರಿನ ಸಂಪುಟಗಳಲ್ಲಿ ಕನ್ನಡಿಗರ ಮನೆಮಾತಾಗಿಸಿದರು. ತುಮಕೂರಿನ ಹುಡುಗರು ಅವನ್ನು ಓದಿ ಬಂದರೆ ಜವಳಗಿರಿಯೆಂಬ ಹೆಸರು ಕೇಳಿದೊಡನೆ ಅವರ ಕಣ್ಣು ಅರಳುವುದರಲ್ಲಿ ಸಂದೇಹವಿಲ್ಲ.

ಮೂರನೆಯದು ನೀರು. ಅಂಚೆಟ್ಟಿಯ ದೊಡ್ಡಹಳ್ಳವನ್ನು ಬೇಸಿಗೆಯಲ್ಲಿ ಕಂಡವರು “ಇದಕ್ಕೆ ದೊಡ್ಡದೆಂಬ ಹೆಸರೇಕೆ?” ಎಂದು ನಗಬಹುದು. ಜೋರಾಗಿ ಮಳೆ ಹಿಡಿದಾಗ ಬಂದು ನೋಡಿದರೆ ಆ ನಗೆ ನಿಲ್ಲುತ್ತದೆ. ಈ ಹಳ್ಳ ಕೊನೆಗೆ ಸೇರುವುದು ಕಾವೇರಿಯನ್ನು. ಆ ಕಾವೇರಿಯ ದಂಡೆಯಲ್ಲಿ, ಎರಡು ರಾಜ್ಯಗಳ ಗಡಿಯಲ್ಲಿ, ಬಿಳಿಗುಂಡ್ಲು ಎಂಬ ಊರಿದೆ. ಪತ್ರಿಕೆಗಳಲ್ಲಿ ಈ ಹೆಸರನ್ನು ಓದದ ಕನ್ನಡಿಗರಿಲ್ಲ, ತಮಿಳರಿಲ್ಲ. ಕರ್ನಾಟಕದಿಂದ ಹರಿದುಬರುವ ನೀರನ್ನು ಕೇಂದ್ರ ಜಲ ಆಯೋಗವು ಅಳೆಯುವುದು ಅಲ್ಲಿಯೇ. ನ್ಯಾಯಮಂಡಲಿಯು 2007ರಲ್ಲಿ ಅಲ್ಲಿ ವರ್ಷಕ್ಕೆ 192 ಟಿ.ಎಂ.ಸಿ. ನೀರು ಹರಿಯಬೇಕೆಂದು ವಿಧಿಸಿತು. ಸುಪ್ರೀಂ ಕೋರ್ಟು 2018ರಲ್ಲಿ ಅದನ್ನು 177.25ಕ್ಕೆ ಇಳಿಸಿತು. ಇಡೀ ದೇಶಕ್ಕೆ ಅದೊಂದು ಅಂಕಿ, ನಮಗೆ ನೆರೆಯೂರು. ಇಷ್ಟನ್ನು ತಿಳಿದು ಹೊಗೇನಕಲ್ಲಿಗೆ ಹೋದ ನೆಂಟರು ಬರಿಯ ಹರಿಗೋಲಿನ ವಿಹಾರಕ್ಕೆ ಹೋದವರಾಗುವುದಿಲ್ಲ. ಹೊಳೆ ತುಂಬಿ ಬಂದಾಗ ಹರಿಗೋಲು ಬಿಡುವುದಿಲ್ಲ. ಆದ್ದರಿಂದ ವಿಚಾರಿಸಿಕೊಂಡೇ ಹೊರಡುವುದು ಲೇಸು.

ನಾಲ್ಕನೆಯದು ನನ್ನ ಮನೆಯವಳು ಸೇರಿಸಿದ್ದು. “ಮದುವೆಯೂಟ ಎಲ್ಲ ಊರಲ್ಲೂ ಒಂದೇ. ಮದುವೆಗೆ ಮುಂಚಿನ ದಿನ ಅವರಿಗೆ ಯಾರದಾದರೂ ಮನೆಯಲ್ಲಿ ಮುದ್ದೆಯೂಟ ಹಾಕಿಸಿ” ಎಂದಳು. ಬಿಸಿ ರಾಗಿಮುದ್ದೆ, ಹುರುಳಿಯ ಸಾರು; ಅವರೆಯ ಕಾಲವಾದರೆ ಅವರೆಕಾಳಿನ ಸಾರು. ತುಮಕೂರಿನವರಿಗೆ ಮುದ್ದೆ ಹೊಸದಲ್ಲವಷ್ಟೆ ಎಂದು ನಾನು ಆಕ್ಷೇಪಿಸಿದೆ. “ಹೊಸದಲ್ಲ ಎಂಬುದಕ್ಕಾಗಿಯೇ ಹೇಳಿದ್ದು. ಆ ಹುಡುಗಿಯ ತಾಯಿ ಇಲ್ಲಿಯ ತಟ್ಟೆಯಲ್ಲಿ ತನ್ನ ಮನೆಯ ಮುದ್ದೆಯನ್ನು ಕಾಣಬೇಕು” ಎಂದಳು. ನಾನು ಮರುಮಾತಾಡದೆ ಬರೆದುಕೊಂಡೆ.

ಐದನೆಯದು ಸ್ಥಳವಲ್ಲ, ಒಂದು ವಿನಂತಿ. ಇಲ್ಲಿ ನಾಲ್ಕು ಹೆಜ್ಜೆ ಇಡುವುದರೊಳಗೆ ಕನ್ನಡ, ತಮಿಳು, ತೆಲುಗು, ಉರ್ದು ಕಿವಿಗೆ ಬೀಳುತ್ತವೆ. “ಅಯ್ಯೋ, ಇಲ್ಲಿಯೂ ಕನ್ನಡವೆ!” ಎಂದು ನೆಂಟರು ಬೆರಗಾಗುವುದುಂಟು. ಪ್ರೀತಿಯಿಂದಲೇ ಹಾಗೆನ್ನುತ್ತಾರೆ, ಆದರೂ ಆ ಮಾತು ನಮ್ಮನ್ನು ನಮ್ಮ ಮನೆಯಲ್ಲಿಯೇ ಅತಿಥಿಗಳನ್ನಾಗಿ ಮಾಡುತ್ತದೆ. 1956ರಲ್ಲಿ ರಾಜ್ಯಗಳ ಗಡಿ ಗುರುತಾದಾಗ ಈ ಸೀಮೆ ಮದರಾಸು ರಾಜ್ಯದಲ್ಲಿ ಉಳಿಯಿತು. ಆಗ ನಮ್ಮದು ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಜಿಲ್ಲೆ. 2004ರಿಂದ ಕೃಷ್ಣಗಿರಿ ಜಿಲ್ಲೆ. ಜಿಲ್ಲೆಯ ಹೆಸರು ಎರಡು ಸಲ ಬದಲಾಯಿತು, ದೊಡ್ಡಹಳ್ಳದ ಹೆಸರು ಬದಲಾಗಲಿಲ್ಲ. ದೊಡ್ಡಹಳ್ಳ, ಬಿಳಿಗುಂಡ್ಲು, ಹೊಗೇನಕಲ್ಲು ಎಂಬ ಹೆಸರುಗಳನ್ನು ತಮಿಳು ಬಾಂಧವರೂ ದಿನವೂ ನುಡಿಯುತ್ತಾರೆ; ನಮ್ಮ ಮಕ್ಕಳೂ ತಮಿಳನ್ನು ಓದಿ ಬರೆಯುತ್ತಾರೆ. ಆದ್ದರಿಂದ ನೆಂಟರು ಇಲ್ಲಿ ಕನ್ನಡವನ್ನು ಅದ್ಭುತವೆಂದು ನೋಡದೆ, ಅಂಗಡಿಯಲ್ಲಿ ಸಹಜವಾಗಿ ಕನ್ನಡದಲ್ಲಿಯೇ ಉಪ್ಪು ಕೇಳಲಿ. ಅಂಗಡಿಯವನು ತಮಿಳಿನಲ್ಲಿ ಉತ್ತರಿಸಿದರೆ ನಕ್ಕು ಕೊಂಡುಕೊಳ್ಳಲಿ. ಅದೇ ನಮ್ಮೂರಿನ ಮರ್ಯಾದೆ.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ತರುಣನು ಎರಡು ಸಲ ಓದಿದ. “ಇದೆಲ್ಲ ನನಗೆ ಗೊತ್ತಿರುವುದೇ ಅಲ್ಲವೆ ಮೇಷ್ಟ್ರೇ!” ಎಂದ. ಹೌದು, ದೊಡ್ಡಹಳ್ಳದಲ್ಲಿ ಈಜು ಕಲಿತವನು ಅವನು. ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಗೊತ್ತಿರುವುದಕ್ಕೆ ಬೆಲೆಯಿದೆ ಎಂಬುದಷ್ಟೇ ಅವನಿಗೆ ಹೊಸ ವಿಷಯ.

ಸಹೋದ್ಯೋಗಿ ಮಿತ್ರರಲ್ಲಿ ನನ್ನ ಬಿನ್ನಹವೂ ಇದೇ. ನಮ್ಮ ಮಕ್ಕಳು ತಾಜಮಹಲಿನ ಮೇಲೆ ಪ್ರಬಂಧ ಬರೆಯಬಲ್ಲರು; ತಮ್ಮ ಊರಿನ ಮೇಲೆ ಬರೆಯಿರೆಂದರೆ ಪೆನ್ಸಿಲು ಕಚ್ಚುತ್ತಾರೆ. ತನ್ನೂರಿನಲ್ಲಿ ಏನೂ ಇಲ್ಲವೆಂದು ನಂಬಿದ ಮಗು, ತನ್ನ ಮನೆಮಾತಿನಲ್ಲಿಯೂ ಏನೂ ಇಲ್ಲವೆಂದು ನಂಬುವುದಕ್ಕೆ ಬಹಳ ಕಾಲ ಬೇಕಾಗದು. ಹೊಸೂರು, ತಳಿ, ಡೆಂಕಣಿಕೋಟೆ, ಅಂಚೆಟ್ಟಿಯ ಕಡೆಯ ಶಾಲೆಗಳಲ್ಲಿ ಐದನೆಯ ತರಗತಿಯ ಮಕ್ಕಳಿಗೆ ಒಂದು ಪತ್ರಲೇಖನ ಕೊಡಿರಿ: ‘ನಮ್ಮ ಮನೆಯ ಮದುವೆಗೆ ಬರುವ ನೆಂಟರಿಗೆ.’ ಐದು ಸಂಗತಿಗಳು ಸಾಕು. ಅವುಗಳಲ್ಲಿ ಒಂದನ್ನಾದರೂ ಮನೆಯ ಹಿರಿಯರನ್ನು ಕೇಳಿ ಬರೆಯಲಿ. ತಿದ್ದುವಾಗ ಕಾಗುಣಿತವನ್ನು ತಿದ್ದಿರಿ. ಸಂಗತಿಗಳನ್ನು ಮಾತ್ರ ಅವರವರಿಗೇ ಬಿಟ್ಟುಬಿಡಿರಿ.