ಖಾಲಿ ದೋಣಿಯ ಲೆಕ್ಕ

ಸಿಯಾಟಲ್‌ಗೆ ಬಂದ ಹೊಸತರಲ್ಲಿ ಸೆಕೆಂಡ್ ಹ್ಯಾಂಡ್ ಮೋಟಾರ್ ಬೋಟ್ ಕೊಂಡೆ. ಆಗಿನ್ನೂ ಮದುವೆ ಆಗಿರಲಿಲ್ಲ. 19 ಇಂಚು ಪಿಚ್‌ನ ಪ್ರೊಪೆಲ್ಲರ್ ಹಾಕಿಸಿದೆ. ಪಿಚ್ ಅಂದ್ರೆ, ನೀರಲ್ಲಿ ಜಾರದೇ ಇದ್ದರೆ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬೇಕು ಅನ್ನೋ ಅಳತೆ. ಹೆಚ್ಚಿದ್ದಷ್ಟೂ ಸ್ಪೀಡು ಅಂದುಕೊಂಡಿದ್ದೆ. ಲೇಕ್ ವಾಷಿಂಗ್ಟನ್ ಮೇಲೆ ಒಬ್ಬನೇ ಹಾರಿದ್ದೂ ನಿಜ.

ಈ ಬೇಸಿಗೆಗೆ ಗಂಗೊಳ್ಳಿಯಿಂದ ಅಪ್ಪ, ಅಮ್ಮ ಬಂದರು. ಹೆಂಡತಿ, ಮಗಳು ಸೇರಿ ಐದು ಜನ. ಥ್ರಾಟಲ್ ಪೂರ್ತಿ ತಳ್ಳಿದರೂ ಬೋಟು ಮೂತಿ ಎತ್ತಿಕೊಂಡು ಏದುಸಿರು ಬಿಡ್ತಿತ್ತು. ನನ್ನ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ 5000ದಿಂದ 6000 ಆರ್‌ಪಿಎಂ ಮುಟ್ಟಬೇಕು. ಮುಳ್ಳು 4800 ದಾಟಲಿಲ್ಲ. ಟಾಪ್ ಗೇರಲ್ಲಿ ಆಗುಂಬೆ ಘಾಟಿ ಹತ್ತಿದ ಹಾಗೆ. ಹೀಗೇ ಓಡಿಸ್ತಾ ಹೋದ್ರೆ ಎಂಜಿನ್ನಿಗೇ ಪೆಟ್ಟು.

ಮೂವತ್ತು ವರ್ಷ ಮೀನಿನ ಬೋಟಲ್ಲಿ ದುಡಿದ ಅಪ್ಪ ಕೇಳಿದ್ದು ಇಷ್ಟೇ: “ಖಾಲಿ ದೋಣಿ ಲೆಕ್ಕ ಹಾಕಿದ್ಯಾ ಮಗಾ?”

17 ಇಂಚಿನದ್ದು ಹಾಕಿಸಿದೆ. ಪಿಚ್ ಒಂದಿಂಚು ಇಳಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತೆ. ಐದೂ ಜನರನ್ನು ಹೊತ್ತು ಬೋಟು ಎದ್ದು ಓಡಿತು. ಒಬ್ಬನೇ ಹೋದರೆ ಮುಳ್ಳು 6000 ದಾಟದ ಹಾಗೆ ನೋಡಿಕೊಳ್ಳಬೇಕು. ಆದರೆ ಒಬ್ಬನೇ ಹೋಗೋದು ಈಗ ಎಲ್ಲಿ?